ಅಣ್ಣನ ಹೆಸರಿನಲ್ಲಿ ಹೋದ ಕೈ

ನಾನು ಕಾಯ್ದೆ ಓದಿದ್ದೇನೆ ಅಂದರೆ ಜನ ನಗುತ್ತಾರೆ. ನಗಲಿ. ಶಾಲೆಯಲ್ಲಿ ನಾಲ್ಕನೇ ಇಯತ್ತೆ ದಾಟಲಿಲ್ಲ, ಅದೂ ಗುಲ್ಬರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಕಾಯ್ದೆ ಓದಿದ್ದು ಡೊಂಬಿವಲಿಯಲ್ಲಿ, ಮುನ್ಸಿಪಾಲ್ಟಿ ಶಾಲೆಯ ಒಂದು ಕೋಣೆಯಲ್ಲಿ, ಭಾನುವಾರ ಭಾನುವಾರ, ಸಣ್ಣ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು. ಮೊಣಕಾಲು ಮಡಚಲು ಬರುವವರು ಮಾತ್ರ ಬೆಂಚಿನ ಮೇಲೆ. ಉಳಿದವರು ನೆಲದ ಮೇಲೆ.

ಅಲ್ಲಿಗೆ ಬರುವವರೆಲ್ಲ ಅಂಗವಿಕಲರು. ನನ್ನ ಬಲಗೈಯಲ್ಲಿ ಹೆಬ್ಬೆರಳೊಂದೇ ಇದೆ. ಅಂಗೈಯೂ ಅರ್ಧ. ಠಾಣೆ ಶಹರದ ಒಂದು ಕಾರ್ಖಾನೆಯ ಪವರ್ ಪ್ರೆಸ್ಸಿನಲ್ಲಿ ಹೋಯಿತು. ಹೋದದ್ದು ನನ್ನ ಕೈ. ಆದರೆ ಕಾರ್ಖಾನೆಯ ಹಾಜರಿಯ ಪ್ರಕಾರ ಅದು ನನ್ನ ಅಣ್ಣನ ಕೈ. ಅಣ್ಣನಿಗೆ ಎರಡೂ ಕೈ ಇವೆ. ಇದೇ ನನ್ನ ಕೇಸು. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ, ಇವತ್ತಿಗೂ ಇನ್ನೊಬ್ಬರ ಹೆಸರಿನಲ್ಲಿ ದುಡಿಯುತ್ತಿರುವ ಯಾರದೋ ಅನ್ನ ಹೋಗುತ್ತದೆ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ನಮ್ಮ ಊರ ಸುತ್ತಿನ ಗಂಡಾಳುಗಳು ಕಲ್ಯಾಣ ಸ್ಟೇಷನ್ನಿನ ಆಚೆ ಒಂದು ಚಾಳಿನಲ್ಲಿ ಇದ್ದೆವು. ನಮಗೆಲ್ಲ ಒಬ್ಬ ಮುಕಾದಮ, ಅವನೂ ನಮ್ಮ ಕಡೆಯವನೇ. ಕಾರ್ಖಾನೆಗೆ ಆಳು ಒದಗಿಸುವವನು ಅವನು. ಎಲ್ಲರ ಪಗಾರವನ್ನೂ ತಾನೇ ತಂದು ಹಂಚುವವನೂ ಅವನು. ನಾವು ಎಲ್ಲಿಯೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ, ಸಹಿ ಮಾಡುತ್ತಿರಲಿಲ್ಲ. ಕಾಯಂ ಮಂದಿಗೆ ಇಎಸ್‌ಐ ಕಾರ್ಡು ಇತ್ತು, ನಮಗೆ ಇರಲಿಲ್ಲ.

ನಮ್ಮ ಗ್ಯಾಂಗಿನಲ್ಲಿ ಒಂದು ರೂಢಿ. ಕಾರ್ಖಾನೆಯಲ್ಲಿ ಒಬ್ಬನಿಗೆ ಜಾಗ ಸಿಕ್ಕಿತೆಂದರೆ ಅದು ಆ ಮನೆತನದ ಜಾಗ. ಅವನು ಸುಗ್ಗಿಗೋ ಲಗ್ನಕ್ಕೋ ಊರಿಗೆ ಹೋದರೆ ತಮ್ಮನೋ ಅಳಿಯನೋ ಬಂದು ಅವನ ಹೆಸರಿಗೆ 'ಹಾಜರ್' ಅನ್ನಬೇಕು. ಖಾಲಿ ಬಿಟ್ಟರೆ ಬೇರೆ ಗ್ಯಾಂಗಿನವರು ಬಂದು ಕೂಡುತ್ತಾರೆ. ಇದು ಸುಳ್ಳು ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಹೊಲ ಅಣ್ಣನ ಹೆಸರಿಗಿದ್ದರೂ ತಮ್ಮ ಉಳುತ್ತಾನೆ, ಇದೂ ಹಾಗೇ ಅಂತ ತಿಳಿದಿದ್ದೆವು. ಫೋರಮನ್ನಿಗೆ ಎಲ್ಲ ಗೊತ್ತಿತ್ತು. "ಏನೋ, ಈ ತಿಂಗಳು ನಿನ್ನ ಮೋರೆ ಬದಲಾಗಿದೆ" ಅಂತ ಹಿಂದಿಯಲ್ಲಿ ನಗುತ್ತಿದ್ದ. ಅವನಿಗೆ ಬೇಕಾದದ್ದು ಕೈ. ಮೋರೆ ಕಟ್ಟಿಕೊಂಡು ಅವನೇನು ಮಾಡುತ್ತಾನೆ.

ಅಣ್ಣ ಲಗ್ನಕ್ಕೆಂದು ಊರಿಗೆ ಹೋದ. ಅವನ ಹೆಸರಿಗೆ ನಾನು ನಿಂತೆ. ಟಿಫಿನ್ ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸು. ಎಡಗೈಯಿಂದ ತಗಡು ಇಡಬೇಕು, ಕಾಲಿನಿಂದ ಪೆಡಲ್ ಒತ್ತಬೇಕು, ಬಲಗೈಯಿಂದ ಮುಚ್ಚಳ ತೆಗೆಯಬೇಕು. ಕೈಗೂ ಅಚ್ಚಿಗೂ ನಡುವೆ ಕಬ್ಬಿಣದ ಜಾಲರಿ ಬೀಳಬೇಕು. ಆ ಜಾಲರಿಯನ್ನು ನಾನು ಹೋಗುವುದಕ್ಕಿಂತ ಮೊದಲೇ ಯಾರೋ ತಂತಿಯಿಂದ ಮೇಲಕ್ಕೆ ಬಿಗಿದಿದ್ದರು. ಅದು ಬಿದ್ದು ಏಳುವ ಹೊತ್ತಿನಲ್ಲಿ ಮುಚ್ಚಳ ಕಡಿಮೆ ಬೀಳುತ್ತವಲ್ಲ, ಅದಕ್ಕೆ. ಊಟದ ಭೋಂಗಾ ಕೂಗುವ ಮೊದಲು, ಒಳ್ಳೇ ಬೆಳಕಿನಲ್ಲಿ, ನಾನು ನೋಡುತ್ತಿದ್ದಂತೆ ಪ್ರೆಸ್ಸು ನನ್ನ ಕೈ ಮೇಲೆ ಇಳಿಯಿತು. ನೋವು ತಡವಾಗಿ ಬಂತು. ಮೊದಲು ಬಂದದ್ದು ಹೆದರಿಕೆ, ಮುಚ್ಚಳ ಕೆಡಿಸಿದೆ ಅಂತ ಫೋರಮನ್ ಬೈಯುತ್ತಾನಲ್ಲ ಅಂತ.

ಆಸ್ಪತ್ರೆಯಲ್ಲಿ ಮುಕಾದಮ ಅಣ್ಣನ ಹೆಸರು ಹೇಳಿದ. ಹಾಜರಿಗೆ ಸರಿ ಹೋಗಬೇಕಲ್ಲ. ನರ್ಸು ಆ ಹೆಸರು ಹಿಡಿದು ಕೂಗಿದರೆ ನಾನು ಓ ಅನ್ನುತ್ತಿದ್ದೆ. ಡ್ರೆಸ್ಸಿಂಗ್ ಮಾಡುವಾಗ ಆ ಹೆಸರು ಕರೆದೇ ಸಮಾಧಾನ ಮಾಡುತ್ತಿದ್ದಳು.

ಅಣ್ಣ ಹೊಸ ಹೆಂಡತಿಯನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದ. ಮರುದಿನ ಕಾರ್ಖಾನೆಯ ಗೇಟಿಗೆ ಹೋದ. ವಾಚ್‌ಮನ್ ಒಳಗೆ ಕೇಳಿಕೊಂಡು ಬಂದು, ನಿನ್ನ ಕೈ ಹೋಗಿದೆ, ನಿನ್ನ ಹೆಸರು ಹೊಡೆದಿದ್ದಾರೆ ಅಂದ. ಅಣ್ಣ ಎರಡೂ ಕೈ ಎತ್ತಿ ತೋರಿಸಿದ. ವಾಚ್‌ಮನ್ ನಕ್ಕ. ಒಳಗೆ ಬಿಡಲಿಲ್ಲ.

ಚಾಳಿಗೆ ಬಂದು ಅಣ್ಣ ನನ್ನ ಮುಂದೆ ಕೂತ. ನಾನು ಗೋಡೆಗೆ ಒರಗಿದ್ದೆ, ಬ್ಯಾಂಡೇಜು ಕುತ್ತಿಗೆಗೆ ಕಟ್ಟಿತ್ತು.

"ನಿನ್ನ ಕೈ ಹೋತು, ನನ್ನ ಹೆಸರು ಹೋತು" ಅಂದ. "ಇಬ್ಬರದೂ ಕೂಡಿ ಒಂದು ಪೂರಾ ಮನಷ್ಯಾ ಆಗಂಗಿಲ್ಲ ನೋಡು ಈಗ."

ಮುಕಾದಮನಿಗೆ ಇದು ದೊಡ್ಡ ವಿಷಯವೇ ಅಲ್ಲ. ಬೀಡಿ ಹಚ್ಚಿಕೊಂಡು ಅಂದ: "ಇದಕ್ಯಾಕ ಇಷ್ಟು ತಲಿ ಕೆಡಸ್ಕೋತೀರಲೇ? ನೀ ಅವ ಆಗು, ಅವ ನೀ ಆಗಲಿ. ಇಬ್ಬರೂ ಒಬ್ಬ ಮುತ್ಯಾನ ಮೊಮ್ಮಕ್ಕಳೇ ಹೌದಿಲ್ಲ? ಅವ ನಿನ್ನ ಹೆಸರಿನ ಮ್ಯಾಲ ಬ್ಯಾರೆ ಕಡೆ ದುಡೀಲಿ. ನೀ ಅವನ ಹೆಸರಿನ ಮ್ಯಾಲ ಮನ್ಯಾಗ ಕೂಡು."

ಒಲೆಯ ಮುಂದೆ ಕೂತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಬಂದು ವಾರವಾಗಿರಲಿಲ್ಲ, ತಲೆಯ ಸೆರಗು ಸರಿಸದೆ ಕೇಳಿದಳು: "ಹಂಗಾದ್ರ ನಾ ಯಾರ ಹೇಂತಿ ಆಗಲ್ರೀ ಮುಕಾದಮರ? ಅದನ್ನೂ ಹೇಳಿ ಹೋಗ್ರಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣ್ಣ ನಗಲಿಲ್ಲ. ಮರುದಿನದಿಂದ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋದ. ಪ್ರೆಸ್ಸಿನ ಮುಂದೆ ನೆರಳಲ್ಲಿ ನಿಂತು ದುಡಿದವನಿಗೆ ಬೆನ್ನಿನ ಕೆಲಸ ಕಷ್ಟವಾಯಿತು. ಅವನ ದುಡಿಮೆಯಲ್ಲಿ ನಾನು ಉಣ್ಣುತ್ತಿದ್ದೆ.

ಗಾಯ ಮಾಯ್ದ ಮೇಲೆ ಕೆಲಸ ಕೇಳುತ್ತ ಅಲೆದೆ. ಠಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿಗೆ ಹೋಗಿ, ಟೇಬಲ್ ಒರೆಸುತ್ತೇನೆ ಅಂದೆ. ಮಾಲೀಕರು ನನ್ನ ಕೈ ನೋಡಿದರು. ಗಿರಾಕಿಗಳು ಊಟ ಮಾಡುವ ಜಾಗ, ಬೇಡ ಅಂದರು. ಒರಟಾಗಿ ಅನ್ನಲಿಲ್ಲ. ಕಾಫಿ ಕೊಟ್ಟು ಅಂದರು.

ದುಡ್ಡಿನ ಗಲ್ಲೆಯ ಮೇಲೆ ಅವರ ಮಗ ಕೂತಿದ್ದ, ನನಗಿಂತ ಸ್ವಲ್ಪ ದೊಡ್ಡವನು. ಪಕ್ಕದಲ್ಲಿ ಊರುಗೋಲು ಒರಗಿಸಿತ್ತು. ಪೋಲಿಯೋ. ಬಿಕಾಂ ಓದಿದವನು, ಬ್ಯಾಂಕಿನವರು ಮೆಟ್ಟಿಲು ಹತ್ತಲು ಬರುವುದಿಲ್ಲ ಅಂತ ವಾಪಸು ಕಳಿಸಿದ್ದರಂತೆ.

"ಎಲ್ಲಿ ಹೋದ್ದು ಕೈ?" ಅಂದ.

"ಪ್ರೆಸ್ಸಿನಾಗ."

"ಪರಿಹಾರ ಕೊಟ್ರಾ?"

"ಎಂಥಾ ಪರಿಹಾರ?"

"ಎಂತ ಮಾರಾಯ, ಕಾನೂನು ಉಂಟಲ್ಲ ಅದಕ್ಕೆ. ನೀನು ಭಾನುವಾರ ಡೊಂಬಿವಲಿಗೆ ಬಾ. ಒಬ್ರು ಟೀಚರ್ ಬಾಯಿ ಕಲಿಸ್ತಾರೆ. ಫೀಸು ಗೀಸು ಎಂತದೂ ಇಲ್ಲ."

"ನನಗ ಓದಾಕ ಬರಂಗಿಲ್ಲರಿ ಅಷ್ಟು."

"ಅಲ್ಲಿ ಬರುವವರಲ್ಲಿ ಒಬ್ಬನಿಗೆ ಕಣ್ಣೇ ಇಲ್ಲ. ನಿಂಗೆಂತ ದಾಡಿ?"

ಹಾಗೆ ಹೋದೆ.

ಆಗ ಸರ್ಕಾರ ಅಂಗವಿಕಲರ ವರ್ಷ ಅಂತ ಸಾರಿತ್ತು. ಮಂತ್ರಿಗಳು ಮಂಟಪ ಹಾಕಿಸಿ ಮೂರು ಗಾಲಿಯ ಸೈಕಲ್ ಹಂಚುತ್ತಿದ್ದರು. ನಮ್ಮ ಬಾಯಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮರಾಠಿಯಲ್ಲಿ ಶಾಲೆಯ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ಇವರೂ ಟೀಚರೇ. ಒಂದು ಕಾಲಿಗೆ ಸೊಂಟದವರೆಗೆ ಕಬ್ಬಿಣದ ಪಟ್ಟಿ, ಕೂಡುವಾಗ ಮೊಣಕಾಲಿನ ಕೊಂಡಿ ಬಿಚ್ಚಬೇಕು, ಏಳುವಾಗ ಹಾಕಬೇಕು. ಟಕ್ ಅಂತ ಸಪ್ಪಳವಾಗುತ್ತಿತ್ತು. ಆ ಸಪ್ಪಳ ಆದರೆ ಎಲ್ಲರೂ ಸುಮ್ಮನಾಗುತ್ತಿದ್ದೆವು.

ಮೊದಲ ದಿನವೇ ಬಾಯಿ ಹೇಳಿದರು: "ನಮಗಾಗಿ ಈ ದೇಶದಲ್ಲಿ ಒಂದು ಕಾಯ್ದೆ ಇಲ್ಲ. ಒಂದು ಚೂರು ಅಲ್ಲಿದೆ, ಒಂದು ಚೂರು ಇಲ್ಲಿದೆ. ಕಾರ್ಖಾನೆಯಲ್ಲಿ ಕೈ ಹೋದವನಿಗೆ ಇಂಗ್ರೇಜಿಯವರ ಕಾಲದ್ದು ಒಂದು. ರೈಲಿನ ರಿಯಾಯತಿಗೆ ಒಂದು ನಿಯಮ. ಸರ್ಕಾರದ ಸಣ್ಣ ನೌಕರಿಗಳಲ್ಲಿ ಮೀಸಲಾತಿ ಅಂತ ಒಂದು ಆದೇಶ. ಆದೇಶ ಅಂದರೆ ಕಾಯ್ದೆ ಅಲ್ಲ. ಸಾಹೇಬರು ಪಾಲಿಸದಿದ್ದರೆ ಯಾರೂ ಅವರ ಕಿವಿ ಹಿಂಡುವುದಿಲ್ಲ. ಈ ಚೂರುಗಳನ್ನು ಓದೋಣ."

ಅವರ ಕಲಿಸುವ ರೀತಿ ಬೇರೆ. ಕಾಯ್ದೆಯ ಒಂದು ಕಲಮು ಓದುತ್ತಿದ್ದರು. ಆಮೇಲೆ ಅದನ್ನು ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ಹೇಳಬೇಕು, ಮರಾಠಿಯೋ ಹಿಂದಿಯೋ ಕನ್ನಡವೋ. ನನಗೆ ಹೋಟೆಲಿನವರ ಮಗ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಎಲ್ಲರೂ ಹೇಳಿದ ಮೇಲೆ ಒಬ್ಬ ಮಾಲೀಕನಾಗಬೇಕು. ಆ ಕಲಮಿನಿಂದ ತಪ್ಪಿಸಿಕೊಳ್ಳಲು ಮಾಲೀಕ ಏನು ಹೇಳುತ್ತಾನೋ ಅದನ್ನು ಅವನು ಹೇಳಬೇಕು, ನಾವು ಉತ್ತರ ಕೊಡಬೇಕು. ಮಾಲೀಕನಾಗುತ್ತಿದ್ದವನು ಯಾವಾಗಲೂ ಒಬ್ಬನೇ. ಕಲ್ಯಾಣದಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಕುರುಡ. ಬೆಂಚಿನ ಮೇಲೆ ಬೆನ್ನು ನೇರ ಮಾಡಿ, ಹೊಟ್ಟೆ ಮುಂದೆ ಬಿಟ್ಟು ಕೂತು, ನಮ್ಮನ್ನೆಲ್ಲ "ತೂ" ಅಂತ ಏಕವಚನದಲ್ಲಿ ಬೈದು ಗೆಲ್ಲುತ್ತಿದ್ದ.

"ಇಷ್ಟು ಚಂದ ಮಾಲೀಕನ ಮಾತು ಎಲ್ಲಿ ಕಲ್ತೆ ನೀನು?" ಅಂತ ಹೋಟೆಲಿನವರ ಮಗ ಹಿಂದಿಯಲ್ಲಿ ಕೇಳಿದ್ದ.

"ಕುರ್ಚಿ ಹೆಣೆಯುತ್ತ ಬಾಗಿಲ ಹೊರಗೆ ಕೂತಿರುತ್ತೇನೆ. ಒಳಗಿನವರು ನನಗೆ ಕಿವಿಯೂ ಇಲ್ಲ ಅಂದುಕೊಂಡಿರುತ್ತಾರೆ" ಅಂದ ಕುರುಡ.

ಕಾರ್ಮಿಕರ ಪರಿಹಾರದ ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಮೈಯ ಪಟ್ಟಿ. ಹೆಬ್ಬೆರಳು ಹೋದರೆ ನೂರಕ್ಕೆ ಇಷ್ಟು, ತೋರುಬೆರಳಿಗೆ ಇಷ್ಟು, ಕಿರುಬೆರಳಿಗೆ ಇಷ್ಟು. ಕಾಲು ಎಲ್ಲಿಂದ ಹೋಯಿತು ಅನ್ನುವುದರ ಮೇಲೆ ಲೆಕ್ಕ. ಒಂದು ಕಣ್ಣಿಗೆ ಇಷ್ಟು. ಕುರಿ ಕೊಯ್ಯುವವನ ಅಂಗಡಿಯ ಹಾಗೆ. ನನಗೆ ಸಿಟ್ಟು ಬಂದು, ನೋವಿಗೆ ಎಷ್ಟು ಬರೆದಿದ್ದಾರೆ ಅಂತ ಕೇಳಿದೆ. ಬಾಯಿ, ನೋವಿಗೆ ಏನೂ ಇಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದಕ್ಕೆ ಮಾತ್ರ ಅಂದರು.

ಇನ್ನೊಂದು ಕಲಮು ಓದಿದ ದಿನ ನೆನಪಿದೆ. ಯಂತ್ರದ ಜಾಲರಿಯನ್ನು ಕೆಲಸಗಾರ ಬೇಕಂತಲೇ ತೆಗೆದಿದ್ದರೆ ಮಾಲೀಕ ಪರಿಹಾರ ಕೊಡಬೇಕಾಗಿಲ್ಲ. ಆದರೆ ಕೆಲಸಗಾರ ಸತ್ತರೆ, ಜಾಲರಿ ತೆಗೆದಿದ್ದರೂ ಕೊಡಬೇಕು.

"ಅಂದ್ರ ನಾ ಸತ್ತಿದ್ರ ಚಲೋ ಇತ್ತು" ಅಂದೆ.

ಹೋಟೆಲಿನವರ ಮಗ ಅದನ್ನು ಮರಾಠಿ ಮಾಡಿದ. ಬಾಯಿ, "ಕಾಯ್ದೆಯ ಪ್ರಕಾರ ಹೌದು" ಅಂದರು. ಅವರು ಸಮಾಧಾನದ ಮಾತು ಹೇಳುವವರಲ್ಲ. ಅದಕ್ಕೇ ನಾನು ಬಿಡದೆ ಹೋದೆ.

ನನ್ನ ಕೇಸಿನ ಸರದಿ ಬಂತು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಕುರುಡ ಕೇಳಿಸಿಕೊಂಡು, ಹೊಟ್ಟೆ ಮುಂದೆ ಬಿಟ್ಟು, "ನೀನು ಯಾರು?" ಅಂದ.

ನನ್ನ ಹೆಸರು ಹೇಳಿದೆ.

"ಆ ಹೆಸರಿನ ಮನುಷ್ಯ ನನ್ನ ಕಾರ್ಖಾನೆಯಲ್ಲಿ ಇರಲೇ ಇಲ್ಲವಲ್ಲ. ಇಲ್ಲದವನ ಕೈ ಹೇಗೆ ಹೋಯಿತು? ಹೊರಗೆ ನಡಿ."

ಬಾಯಿ ಕಾಯ್ದೆಯ ಪುಸ್ತಕ ತಿರುವಿದರು. ಹೆಸರು ಯಾವುದಿದ್ದರೂ ದುಡಿದವನೇ ಕೆಲಸಗಾರ ಅಂತ ವಾದ ಮಾಡಬಹುದು, ಆದರೆ ದುಡಿದವನು ನೀನೇ ಅಂತ ಯಾರಾದರೂ ಹೇಳಬೇಕು ಅಂದರು. ಗ್ಯಾಂಗಿನವರು ಹೇಳುತ್ತಾರಾ? ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರಲ್ಲಿ ಅರ್ಧ ಮಂದಿ ತಮ್ಮ ಹೆಸರಿನಲ್ಲಿ ಇಲ್ಲ. ನನ್ನ ಸಾಕ್ಷಿ ಹೇಳಿದ ದಿನವೇ ಅವರನ್ನೂ ಹೊರಗೆ ಹಾಕುತ್ತಾರೆ. ಆಸ್ಪತ್ರೆಯ ಡಾಕ್ಟರು ಬದಲಿಯಾಗಿ ಹೋಗಿದ್ದರು, ಕಾಗದದಲ್ಲಿ ಅಣ್ಣನ ಹೆಸರಿತ್ತು.

ಆಗ ಬಾಯಿಯೇ ಅಂದರು: "ನಿನ್ನ ಅಣ್ಣ ಬರಲಿ. ಬಂದು ಎರಡೂ ಕೈ ಎತ್ತಿ ಪರಿಹಾರದ ಕೇಸು ಕೇಳುವ ಸಾಹೇಬರಿಗೆ ತೋರಿಸಲಿ. ಈ ಹೆಸರಿನವನಿಗೆ ಕೈ ಹೋಗಿದೆ ಅಂತ ಕಾಗದ ಹೇಳುತ್ತದೆ. ಈ ಹೆಸರಿನವನಿಗೆ ಎರಡೂ ಕೈ ಇವೆ. ಹಾಗಾದರೆ ಆ ದಿನ ಅಲ್ಲಿ ಇದ್ದವನು ಬೇರೆಯವನು. ಬೇರೆಯವನು ಯಾರು? ಕೈ ಇಲ್ಲದವನು."

ಕುರುಡ ಮಾಲೀಕನ ಸೋಗು ಬಿಟ್ಟು ಚಪ್ಪಾಳೆ ತಟ್ಟಿದ. "ಸೋತೆ" ಅಂದ. ಎಲ್ಲರೂ ತಟ್ಟಿದರು. ನಾನು ತೊಡೆಗೆ ತಟ್ಟಿಕೊಂಡೆ. ಅಣ್ಣನ ಎರಡು ಕೈಗಳಿಗಿಂತ ದೊಡ್ಡ ಸಾಕ್ಷಿ ಇಲ್ಲ ಅಂತ ನಾವೆಲ್ಲ ನಂಬಿಬಿಟ್ಟೆವು.

ಬಾಯಿಗೆ ಗುರುತಿದ್ದ ವಕೀಲರೊಬ್ಬರು ಕೇಸು ಹಾಕಿದರು. ಬಾಯಿ ಖುದ್ದಾಗಿ ಕಲ್ಯಾಣದ ನಮ್ಮ ಚಾಳಿಗೆ ಬಂದರು. ಮೋರಿಯ ಮೇಲಿನ ಕಲ್ಲು ದಾಟಿ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವು ಕೈ ಕೊಡಲು ಹೋದರೆ ಗದರಿದರು. ಡಬ್ಬಿ ಬೋರಲು ಹಾಕಿ ಕೂಡಿಸಿದೆವು. ಅಣ್ಣನಿಗೆ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದರು. ನಿನ್ನ ಹೆಸರೂ ನಿನಗೆ ವಾಪಸು ಬರುತ್ತದೆ, ಇವನ ಕೈಗೂ ಬೆಲೆ ಬರುತ್ತದೆ ಅಂದರು.

ಅಣ್ಣ ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ. ಮೂಟೆಯ ಕೊಕ್ಕೆ ಹಿಡಿದು ಗುಳ್ಳೆ ಎದ್ದಿದ್ದವು.

"ಬರ್ತೀನಿ ಬಾಯಿ" ಅಂದ.

ಬಾಗಿಲಲ್ಲಿ ನಿಂತಿದ್ದ ಗ್ಯಾಂಗಿನವರು ಒಬ್ಬೊಬ್ಬರೇ ಸರಿದು ಹೋದರು. ಮುಕಾದಮ ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನಿದ್ದದ್ದು ನನಗೆ ಒಳ್ಳೆಯದು ಅನ್ನಿಸಿತು. ಬುದ್ಧಿ ಅಷ್ಟೇ ಇತ್ತು.

ನಡುವೆ ಸಿವಿಲ್ ಆಸ್ಪತ್ರೆಯಲ್ಲಿ ನನ್ನ ಕೈ ನೋಡಿ, ನನ್ನ ಸ್ವಂತ ಹೆಸರಿನಲ್ಲಿ ಅಂಗವಿಕಲ ಅಂತ ಪ್ರಮಾಣಪತ್ರ ಕೊಟ್ಟರು. ಬಾಯಿಯೇ ಕಳಿಸಿದ್ದು. ಕೈ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಎಲ್ಲಿ ಹೋಯಿತು ಅಂತ ಅದು ಹೇಳುವುದಿಲ್ಲ. ಎಲ್ಲಿ ಹೋಯಿತು ಅನ್ನುವುದೇ ನನಗೆ ಬೇಕಾದದ್ದು. ಪರಿಹಾರದ ದುಡ್ಡೂ ಬೇಕಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಅದಕ್ಕಿಂತ, ಆ ಕಾರ್ಖಾನೆಯಲ್ಲಿ ಆ ಪ್ರೆಸ್ಸಿನ ಕೆಳಗೆ ಇವನ ಕೈ ಹೋಯಿತು ಅಂತ ಒಬ್ಬ ಸಾಹೇಬ ಬರೆಯಬೇಕಿತ್ತು.

ವಿಚಾರಣೆ ಠಾಣೆ ಶಹರದ ಕೋರ್ಟಿನಲ್ಲಿ. ಬೆಳಗಿನ ಗಾಡಿಗೆ ನಾನೂ ಅಣ್ಣನೂ ಜೊತೆಗೇ ಹೋದೆವು. ವೈನಿ ಅವನ ಅಂಗಿ ತೊಳೆದು ಚೊಂಬಿನಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದ್ದಳು. ನನ್ನ ಅಂಗಿಗೆ ಗುಂಡಿ ಅವಳೇ ಹಾಕಿದಳು. ಅಲ್ಲಿ ಬಾಯಿ, ವಕೀಲರು, ಹೋಟೆಲಿನವರ ಮಗ ಮೊದಲೇ ಬಂದಿದ್ದರು. ಮೆಟ್ಟಿಲು ಹತ್ತಲಾಗದೆ ಹೋಟೆಲಿನವರ ಮಗ ಕೆಳಗೇ ಉಳಿದ. "ಗೆದ್ದು ಬಾ ಮಾರಾಯ, ನಾನು ಇಲ್ಲೇ ಇದ್ದೇನೆ" ಅಂದ.

ಸಾಹೇಬರು ವಯಸ್ಸಾದವರು, ಕೆಟ್ಟವರ ಹಾಗೆ ಕಾಣಲಿಲ್ಲ. ನಮ್ಮ ವಕೀಲರು ಅಣ್ಣನನ್ನು ಕರೆದು ಹೆಸರು ಕೇಳಿದರು. ಹೇಳಿದ. ಕೈ ತೋರಿಸು ಅಂದರು. ಅಣ್ಣ ಎರಡೂ ಕೈ ಎತ್ತಿದ. ಬೆರಳು ಅಗಲ ಮಾಡಿ ತೋರಿಸಿದ. ನನ್ನ ಎದೆ ಉಬ್ಬಿತು.

ವಕೀಲರು ಕೇಳಿದರು: "ಅಪಘಾತ ಆದ ದಿನ ನೀನು ಎಲ್ಲಿದ್ದೆ?"

"ಕಾಮ್ ಪೆ ಥಾ ಸಾಹೇಬ" ಅಂದ ಅಣ್ಣ. ಕೆಲಸದ ಮೇಲಿದ್ದೆ.

ವಕೀಲರು ಮತ್ತೊಮ್ಮೆ ಕೇಳಿದರು. ಅಣ್ಣ ಮತ್ತೆ ಅದನ್ನೇ ಹೇಳಿದ. ಇನ್ನೂ ಕೈ ಇಳಿಸಿರಲಿಲ್ಲ.

ಆಮೇಲೆ ಕಂಪನಿಯ ವಕೀಲ ಎದ್ದ. ಅವನಿಗೆ ಹೆಚ್ಚು ಕೆಲಸವಿರಲಿಲ್ಲ.

"ಆ ದಿನ ಪ್ರೆಸ್ಸಿನ ಮೇಲೆ ನೀನೇ ಇದ್ದೆಯಾ?"

"ಹೌದು ಸಾಹೇಬ."

"ಏನಾದರೂ ಅಪಘಾತ ಆಯಿತಾ?"

"ಏನೂ ಆಗಿಲ್ಲ. ನೋಡ್ರಿ, ಕೈ ಎರಡೂ ಅದಾವ."

"ಮತ್ತೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಹೇಗೆ ಬಂತು?"

ಅಣ್ಣ ಅಲ್ಲಿಯವರೆಗೆ ನನ್ನನ್ನು ನೋಡಿರಲಿಲ್ಲ, ಆಗಲೂ ನೋಡಲಿಲ್ಲ. "ಇವ ನನ್ನ ತಮ್ಮ. ಗಾಡಿಯಿಂದ ಬಿದ್ದ. ಹಳಿ ಮ್ಯಾಲ ಕೈ ಹೋತು. ನನ್ನ ಹೆಸರು ಹೇಳಿದ್ರ ಕಂಪನಿ ಏನರೆ ಕೊಡ್ತದಂತ ಹೇಳ್ಯಾನ. ಬಡವ ಅದಾನ ಸಾಹೇಬ, ಅವನಿಗೆ ಶಿಕ್ಷಾ ಮಾಡಬ್ಯಾಡ್ರಿ."

ಶಿಕ್ಷೆ ಮಾಡಬೇಡಿ ಅಂದದ್ದು ಕಂಪನಿಯವರು ಹೇಳಿಕೊಟ್ಟದ್ದಲ್ಲ. ಅದು ಅವನದೇ ಮಾತು. ಅದೇ ಹೆಚ್ಚು ಸುಟ್ಟಿತು.

ನಮ್ಮ ವಕೀಲರು, ಆಗ ನೀನು ಲಗ್ನಕ್ಕೆ ಊರಿಗೆ ಹೋಗಿರಲಿಲ್ಲವೇ ಅಂತ ಕೇಳಿದರು. ಲಗ್ನ ಆದದ್ದು ಆಮೇಲೆ ಅಂದ. ನಮ್ಮ ಕಡೆ ಲಗ್ನಕ್ಕೆ ಯಾರು ಕಾಗದ ಮಾಡುತ್ತಾರೆ. ಅಕ್ಕಿಕಾಳು ಬಿದ್ದರೆ ಮುಗಿಯಿತು. ನಾನು ಕೂತಲ್ಲಿಂದ ಕೂಗಿದೆ, "ಸುಳ್ಳು ಹೇಳ್ತಾನ್ರಿ!" ಅಂತ. ಕನ್ನಡದಲ್ಲಿ ಕೂಗಿದೆ. ಸಾಹೇಬರು ಸಿಪಾಯಿಗೆ ಸನ್ನೆ ಮಾಡಿದರು. ಅವನು ಬಂದು ನನ್ನ ಹೆಗಲು ಒತ್ತಿ ಕೂಡಿಸಿದ.

ನಾವು ಭಾನುವಾರ ಭಾನುವಾರ ಕಾಯ್ದೆಯ ಎಲ್ಲ ಕಲಮು ಓದಿದ್ದೆವು. ಪೂರಾ ಇರುವ ಎರಡು ಕೈ ಎರಡು ಮಾತು ಹೇಳಬಹುದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇದ್ದವನು ಬೇರೆಯವನು ಅನ್ನುವುದು ಒಂದು. ಏನೂ ಆಗಿಯೇ ಇಲ್ಲ ಅನ್ನುವುದು ಇನ್ನೊಂದು. ಕುರುಡನಿಗೂ ಹೊಳೆದಿರಲಿಲ್ಲ.

ಸಾಹೇಬರು ಬರೆಸಿದರು. ಅರ್ಜಿದಾರ ಆ ಕಾರ್ಖಾನೆಯ ಕೆಲಸಗಾರ ಅಂತ ಸಾಬೀತಾಗಿಲ್ಲ. ಅಲ್ಲಿ ಅಪಘಾತ ಆದದ್ದೂ ಸಾಬೀತಾಗಿಲ್ಲ. ಅರ್ಜಿ ವಜಾ. ಕೆಳಗೆ ಬಂದಾಗ ಹೋಟೆಲಿನವರ ಮಗ ನಮ್ಮ ಮೋರೆ ನೋಡಿ ಊರುಗೋಲು ಎತ್ತಿಕೊಂಡ.

ಬಾಯಿ ಕಾಗದದ ನಕಲಿಗಾಗಿ ಅಲ್ಲೇ ಉಳಿದರು. ನಾನೂ ಅಣ್ಣನೂ ಸ್ಟೇಷನ್ನಿಗೆ ನಡೆದೆವು. ಬೇರೆ ಬೇರೆ ಹೋಗಬೇಕಿತ್ತು, ಆದರೆ ಕೋಣೆ ಒಂದೇ, ದಾರಿ ಒಂದೇ. ಕಲ್ಯಾಣದ ಗಾಡಿ ತುಂಬಿ ಬಂತು. ಬಾಗಿಲಲ್ಲೇ ಸಿಕ್ಕಿಕೊಂಡೆವು. ನಾನು ಎಡಗೈಯಲ್ಲಿ ಕಂಬ ಹಿಡಿದೆ. ಮುಂಬ್ರಾದಲ್ಲಿ ಮಂದಿ ನುಗ್ಗಿದಾಗ ಕೈ ಜಾರಿತು. ಅಣ್ಣ ಹಿಂದಿನಿಂದ ನನ್ನ ಸೊಂಟ ಹಿಡಿದ. ಕೈ ಹೋದಾಗಿನಿಂದ ಗಾಡಿಯಲ್ಲಿ ಅವನು ಹಾಗೇ ಹಿಡಿಯುತ್ತಿದ್ದ. ಕೊಸರಿಕೊಳ್ಳಬೇಕು ಅನ್ನಿಸಿತು. ಕೊಸರಿಕೊಂಡಿದ್ದರೆ ಅವನು ಸಾಹೇಬರಿಗೆ ಹೇಳಿದ್ದು ನಿಜವೇ ಆಗುತ್ತಿತ್ತು.

ನನ್ನ ಕಿವಿಯ ಹತ್ತಿರ ಅಂದ: "ನನ್ನ ಜಾಗಾ ವಾಪಸ್ ಕೊಡ್ತಾರ. ಕಾಯಂ ಮಾಡ್ತಾರಂತ. ಮುಕಾದಮ ಮಾತಾಡ್ಯಾನ."

ನಾನು ಹೊರಗೆ ಓಡುವ ಹಳಿ ನೋಡುತ್ತಿದ್ದೆ.

"ಗ್ಯಾಂಗಿನವ್ರೂ ಉಳೀತಾರ. ನೀ ಗೆದ್ದಿದ್ರ ಎಲ್ಲಾರೂ ಹೊರಗ. ನಿನ್ನ ಕೈಯಂತೂ ತಿರುಗಿ ಬರಂಗಿಲ್ಲ. ಇದ್ದ ಎರಡು ಕೈ ಮ್ಯಾಲ ಎಲ್ಲಾರ ಹೊಟ್ಟಿ ಅದ, ನಿಂದೂ ಅದ. ಏನ್ ಮಾಡ್ಲಿ ಹೇಳು."

"ಹಳಿ ಮ್ಯಾಲ ಬಿದ್ನಂತ ಯಾಕ ಹೇಳ್ದಿ? ನನಗ ಗೊತ್ತಿಲ್ಲಂತ ಅಂದಿದ್ರ ಆಗ್ತಿದ್ದಿಲ್ಲೇನು?"

ಅಣ್ಣ ಹಿಡಿತ ಬಿಗಿ ಮಾಡಿದ. ಕಲ್ಯಾಣ ಬರುವವರೆಗೂ ಸೊಂಟ ಬಿಡಲಿಲ್ಲ.

ಮುಂದಿನ ಭಾನುವಾರ ಬಾಯಿ ಪಾಠ ಬಿಟ್ಟು ನನ್ನ ಕೇಸನ್ನೇ ಎತ್ತಿಕೊಂಡರು. ಕೋಣೆಯಲ್ಲಿ ಜಗಳವಾಯಿತು. ಹೋಟೆಲಿನವರ ಮಗ ಅಣ್ಣನನ್ನು ಬೈದ, ನನಗೆ ಗೊತ್ತಿಲ್ಲದ ತುಳು ಬೈಗುಳವೂ ಬಂತು. ಕುರುಡ ತಡೆದ. "ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೊಸ ಹೆಂಡತಿ ಮನೆಗೆ ಬಂದಿದ್ದಾಳೆ, ಬೆನ್ನು ಮುರಿಯುವ ಕೆಲಸ. ಕೈ ಇರುವವನಿಗೆ ಕೈ ಮುಖ್ಯ" ಅಂದ.

"ನೀನು ಮಾಲೀಕನಾಗಿ ಆಗಿ ಕೆಟ್ಟೆ" ಅಂದ ಹೋಟೆಲಿನವರ ಮಗ.

ಬಾಯಿ ಕೊಂಡಿ ಹಾಕಿ ಎದ್ದು ನಿಂತರು. ಟಕ್. ಮೇಲಿನ ಕೋರ್ಟಿಗೆ ಹೋಗಬಹುದು, ಅದಕ್ಕೆ ಇಂತಿಷ್ಟು ಗಡುವು ಇದೆ ಅಂದರು. ಆದರೆ ಇದೇ ಕಾಗದ ಹಿಡಿದು ಹೋದರೆ ನಿಲ್ಲುವುದಿಲ್ಲ. ಲಗ್ನ ಯಾವಾಗ ಆಯಿತು, ಆ ದಿನ ನಿನ್ನ ಅಣ್ಣ ಊರಲ್ಲಿದ್ದ ಅಂತ ಹೇಳುವ ಒಬ್ಬರು ಬೇಕು. "ಅವನ ಹೆಂಡತಿ ಹೇಳಬಲ್ಲಳು" ಅಂದರು. "ಕೇಳಿ ನೋಡು. ನಾನು ಕೇಳುವುದಿಲ್ಲ. ಅವಳಿಗೆ ಏನಾಗುತ್ತದೆ ಅಂತ ನನಗೆ ಗೊತ್ತು."

ನಾನು ವೈನಿಯನ್ನು ಕೇಳಲಿಲ್ಲ. ಅವಳೇ ಕೇಳಿದಳು. ಒಂದು ಮಧ್ಯಾಹ್ನ, ಅಣ್ಣ ಕಾರ್ಖಾನೆಗೆ ಹೋಗಿದ್ದ. ಅದೇ ಪ್ರೆಸ್ಸಿನ ಮೇಲೆ ಅವನನ್ನು ಹಾಕಿದ್ದರು. ವೈನಿ ರೊಟ್ಟಿ ಬಡಿಯುತ್ತಿದ್ದಳು. ಅಷ್ಟೊತ್ತಿಗೆ ಅವಳಿಗೆ ತಿಂಗಳು ನಿಂತಿದ್ದವು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಬಾಯಿ ನನ್ನ ಕರ್ಯಾಕ ಹೇಳ್ಯಾರಂತ?"

"ಯಾರಂದ್ರು?"

"ಗ್ವಾಡಿ ಒಂದೇ ಅದ ಚಾಳಿಗೆ. ಆ ಹೋಟೆಲಿನ ಹುಡುಗನ ಕೂಡ ನೀ ಮಾತಾಡಿದ್ದೆಲ್ಲಾ ಕೇಳಸ್ತದ." ರೊಟ್ಟಿ ಹಂಚಿಗೆ ಹಾಕಿದಳು. "ನಮ್ಮ ಮೈಗೆ ಅರಿಶಿಣ ಹಚ್ಚಿದ ದಿನಾನೇ ನಿನ್ನ ಕೈ ಹೋಗಿದ್ದು. ಕೈ ಹೋತಂತ ಊರಿಗೆ ತಾರು ಬಂದಾಗ ಚಪ್ಪರದಾಗ ಓದ್ಯಾರ. ನಾ ಬಂದು ಹೇಳ್ಲೇನು?"

ನಾನು ತಿರುಗಿ ಕೇಳಿದೆ.

"ಹೇಳಿದ್ರ ಅವ ನಿನ್ನ ಮನಿಯಾಗ ಇಟ್ಕೋತಾನೇನು?"

"ಇಟ್ಕೊಳಂಗಿಲ್ಲ."

"ನಿಮ್ಮಪ್ಪ?"

"ಅಪ್ಪ ಬಾಗಿಲು ತೆಗಿಯಂಗಿಲ್ಲ." ಹೆದರಿದವಳ ಹಾಗೆ ಹೇಳಲಿಲ್ಲ. ಬಾವಿಯಲ್ಲಿ ನೀರಿಲ್ಲ ಅನ್ನುವ ಹಾಗೆ ಹೇಳಿದಳು. "ನೀ ಹೇಳು ಅಂದ್ರ ಹೇಳ್ತೀನಿ. ಸುಳ್ಳು ಸುಳ್ಳೇ ಅಲ್ಲೇನು?"

"ಬ್ಯಾಡ" ಅಂದೆ.

ನಾನು ದೊಡ್ಡ ಮನಸ್ಸು ಮಾಡಿದೆ ಅಂತ ಯಾರೂ ತಿಳಿಯಬಾರದು. ಅವಳನ್ನು ಹೊರಗೆ ಹಾಕಿದರೆ ಅವಳ ಹಿಂದೆ ನಾನೂ ಹೊರಗೆ. ಇಬ್ಬರಿಗೂ ಹೋಗಲು ಜಾಗ ಇರಲಿಲ್ಲ. ಅವಳು ಕೇಳಿದಾಗ ನನಗೆ ಮೊದಲು ಹೊಳೆದದ್ದು ನನ್ನ ಊಟದ ತಾಟು. ಅವಳ ಹೊಟ್ಟೆಯಲ್ಲಿರುವ ಕೂಸು ಆಮೇಲೆ ಹೊಳೆಯಿತು.

ಆಮೇಲೆ ಹೋಟೆಲಿನವರ ಮಗ ತನ್ನ ಅಪ್ಪನ ಗುರುತಿನವರಿಗೆ ಹೇಳಿ ಕೋಪರಖೈರಣೆಯಲ್ಲಿ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಮೇಲೆ ನನ್ನನ್ನು ವಾಚ್‌ಮನ್ ಮಾಡಿಸಿದ. ಸಿಮೆಂಟಿನ ಚೀಲ ಕಾಯುವುದು. ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತೇನೆ. ಹಾಜರಿಯಲ್ಲಿ ನನ್ನದೇ ಹೆಸರು. ಬರೆಸಿಕೊಳ್ಳುವಾಗ ಮುನ್ಷಿ, ಕೈಗೆ ಏನಾಯಿತು ಅಂದ. ಪ್ರೆಸ್ಸು ಅಂದೆ. ಯಾವ ಕಂಪನಿ ಅಂದ. ಉತ್ತರ ಹೇಳಲಿಲ್ಲ. ಹೇಳಿದರೆ ಸರ್ಕಾರದ ಕಾಗದಕ್ಕೆ ವಿರುದ್ಧ ಹೇಳಿದ ಹಾಗೆ.

ಆದರೂ ಭಾನುವಾರ ಬಸ್ಸು ಹಿಡಿದು ಠಾಣೆಗೆ, ಅಲ್ಲಿಂದ ಗಾಡಿ ಹಿಡಿದು ಡೊಂಬಿವಲಿಗೆ ಹೋಗುವುದನ್ನು ಬಿಡಲಿಲ್ಲ. ಮೇಲಿನ ಕೋರ್ಟಿನ ಗಡುವು ಮುಗಿದ ವಾರ ಬಾಯಿ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕುರುಡ ಮಾತ್ರ ನಾನು ಬಂದ ಸಪ್ಪಳ ಹಿಡಿದು, ತನ್ನ ಪಕ್ಕದ ಜಾಗ ಕೈಯಿಂದ ಒರೆಸಿ, ಇಲ್ಲಿ ಕೂಡು ಅಂದ. ಆ ದಿನ ರೈಲಿನ ರಿಯಾಯತಿಯ ನಿಯಮ. ಸಂಗಡ ಒಬ್ಬರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸಂಗಡಿಗನ ಟಿಕೇಟಿನಲ್ಲೂ ರಿಯಾಯತಿ ಉಂಟು ಅಂತ ಅದರಲ್ಲಿತ್ತು. ಅಷ್ಟು ಹೊತ್ತಿಗೆ ನನಗೆ ಮರಾಠಿ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಬಾಯಿ ಪುಸ್ತಕ ನನ್ನ ಮುಂದೆ ಸರಿಸಿದರು. ಎಡಗೈಯ ಬೆರಳು ಇಟ್ಟು ಓದಿದೆ. ಎರಡು ಕಡೆ ತಪ್ಪಿದೆ, ತಿದ್ದಿದರು.

"ಈಗ ನಿನ್ನ ಮಾತಿನಲ್ಲಿ ಹೇಳು" ಅಂದರು ಬಾಯಿ.

ಹೇಳಿದೆ.